ನಿಲ್ಲದ ಪೆಡಲು

ಅಮೃತಾ ಸೈಕಲ್ ಕೊಳ್ಳಲು ಹೋದವಳು ಒಂದನ್ನೂ ಹತ್ತಿ ನೋಡಲಿಲ್ಲ, ಎತ್ತಿ ನೋಡಿದಳು.

ಗಂಗಾವತಿಯ ದೊಡ್ಡ ಅಂಗಡಿ ಅದು. ಹೊರಗೆ ಸಾಲಾಗಿ ನಿಲ್ಲಿಸಿದ್ದ ಸೈಕಲ್‌ಗಳ ನಡುಗೊಳವೆಗೆ ಕೈ ಹಾಕಿ ಒಂದೊಂದನ್ನೇ ನೆಲದಿಂದ ಮೇಲಕ್ಕೆತ್ತುತ್ತಿದ್ದಳು. ಉಸಿರು ಹಿಡಿದು ಸ್ವಲ್ಪ ನಿಲ್ಲುತ್ತಿದ್ದಳು. ಇಳಿಸಿ ಮುಂದಿನದಕ್ಕೆ ಹೋಗುತ್ತಿದ್ದಳು. ಅಂಗಡಿಯವನು ನೋಡುವಷ್ಟು ನೋಡಿದ.

"ಅಕ್ಕಾರ, ಸೈಕಲ್ ಏರಾಕ ಮಾಡ್ಯಾರ್ರಿ, ಹೊರಾಕಲ್ಲ."

"ನನಗ ಎರಡೂ ಬೇಕ್ರಿ."

"ಹಂಗಾರ ಈ ಗೇರಿಂದು ನೋಡ್ರಿ. ಮುಂದ ಶಾಕ್ ಐತಿ, ಡಿಸ್ಕ್ ಬ್ರೇಕ್ ಐತಿ. ಗುಡ್ಡಾ ಹತ್ತತೈತಿ."

"ಗುಡ್ಡ ಬ್ಯಾಡ್ರಿ. ಮೆಟ್ಲ ಹತ್ತತೈತೇನು?"

ಅಂಗಡಿಯವನು ನಕ್ಕ. ಅವಳು ನಗಲಿಲ್ಲ. ಆ ಗೇರ್ ಸೈಕಲ್ಲು ತುಂಬಿದ ಸಿಲಿಂಡರಿನಷ್ಟು ಭಾರವಿತ್ತು. ಒಳಗೆ ಗಾಜಿನ ಹಿಂದೆ ನಿಜವಾಗಿಯೂ ಹಗುರವಾದ ಒಂದು ಇತ್ತು. ಬೆಲೆ ಕೇಳಿ ಅದರಿಂದ ಕೈ ತೆಗೆದಳು. ಅವಳು ಕೂಡಿಸಿಟ್ಟುಕೊಂಡಿದ್ದು ಆರು ಸಾವಿರ. ಕೈಗೆ ಎಟುಕಿದ್ದು ಹಗುರ ಇರಲಿಲ್ಲ, ಹಗುರ ಇದ್ದದ್ದು ಕೈಗೆ ಎಟುಕಲಿಲ್ಲ. ಬರಿಗೈಯಲ್ಲಿ ಬಸ್ ಹತ್ತಿದಳು.

ಹಗುರವೇ ಯಾಕೆ ಬೇಕಿತ್ತೆಂದರೆ, ಅವಳ ಊರಿಗೂ ಕೆಲಸಕ್ಕೂ ನಡುವೆ ರೈಲುಹಳಿ ಇತ್ತು. ಊರು ಕುಷ್ಟಗಿ ರಸ್ತೆಯಲ್ಲಿ. ಕೆಲಸ ಕೊಪ್ಪಳದಲ್ಲಿ ಹಳಿಯಾಚೆಯ ಬೀಜದ ಗೋದಾಮಿನಲ್ಲಿ. ಬಿಳಿ ಹಾಳೆಯ ಮೇಲೆ ಸೌತೆ, ಮೆಣಸಿನಕಾಯಿ ಬೀಜ ಹರವಿಕೊಂಡು ಜೊಳ್ಳು, ಒಡಕು ಆರಿಸುವ ಕೆಲಸ. ಅದಿರು ತುಂಬಿದ ಗೂಡ್ಸ್ ಗಾಡಿ ಬಂತೆಂದರೆ ಗೇಟು ಬಿದ್ದಿತು, ಮತ್ತೆ ಯಾವಾಗ ಏಳುವುದೋ ದೇವರಿಗೇ ಗೊತ್ತು. ಬೇಗ ಹೋಗಬೇಕಾದವರು ಸ್ಟೇಶನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು. ಊರಿಂದ ಬಸ್ಸಿಗೆ ಬರೋಣವೆಂದರೆ, ಹೆಣ್ಣುಮಕ್ಕಳಿಗೆ ಪುಕ್ಕಟೆಯಾದ ಮೇಲೆ ಬೆಳಗಿನ ಬಸ್ಸು ಕುಷ್ಟಗಿಯಿಂದಲೇ ತುಂಬಿಕೊಂಡು ಬರುತ್ತಿತ್ತು. ಕೈ ಮಾಡಿದರೆ ಡ್ರೈವರನೂ ಒಳಗಿಂದ ಕೈ ಮಾಡಿ ತೋರಿಸಿ ಹೋಗುತ್ತಿದ್ದ: ಜಾಗವೆಲ್ಲಿದೆ?

ಗೋದಾಮಿನ ಉಸ್ತುವಾರಿ ಸುನಿತಾ ಕೆಟ್ಟವಳಲ್ಲ. ಆದರೂ ಒಂದು ದಿನ ಕರೆದು ಹೇಳಿದ್ದಳು. "ಅಮೃತಾ, ನಿನ್ನ ಕೈಯಂಥಾ ಕೈ ಇಲ್ಲಿ ಇನ್ನೊಂದಿಲ್ಲ, ಖರೆ. ಆದ್ರ ಮ್ಯಾಲಿನವ್ರು ಕೈ ನೋಡಂಗಿಲ್ಲವ್ವ, ಗೋದಾಮಿನ ಗೇಟ್ ಹಾಕೋ ಹೊತ್ತು ನೋಡ್ತಾರ. ಇನ್ನೊಮ್ಮೆ ತಡಾ ಆದ್ರ ನಾನೂ ಏನೂ ಮಾಡಾಕ ಆಗಂಗಿಲ್ಲ."

ಮೊದಲು ಈ ತಾಪತ್ರಯವಿರಲಿಲ್ಲ. ಗಂಡ ಯಂಕೋಬ ಮೋಟಾರ್ ಸೈಕಲ್ಲಿನಲ್ಲಿ ಬಿಟ್ಟು ಬರುತ್ತಿದ್ದ. ಕಾರಹುಣ್ಣಿಮೆ ಹತ್ತಿರವಿದ್ದಾಗ ಒಂದು ಸಂಜೆ ಚಹಾದಂಗಡಿಯಲ್ಲಿ ಎದೆಯುರಿ ಎಂದು ಸೋಡಾ ತರಿಸಿ ಕುಡಿದ. ಗೋಡೆಗೆ ತಲೆ ಆನಿಸಿದ. ಹಾಗೆಯೇ ಹೋದ.

ನಮ್ಮ ಕಡೆ ಸತ್ತವರ ಮನೆಗೆ ಹೆಂಗಸರು ಬಂದರೆ ಮನೆಯವಳ ಕೊರಳು ತಬ್ಬಿ, ಸತ್ತವನ ಗುಣ ಹಾಡಿಕೊಂಡು ಅಳುತ್ತಾರೆ. ತಬ್ಬಿದವಳ ಅಳು ತಬ್ಬಿಸಿಕೊಂಡವಳಿಗೂ ಹತ್ತಬೇಕು, ಹತ್ತಿದರೆ ಎದೆ ಹಗುರ. ಅಮೃತಾಳಿಗೆ ಹತ್ತಲಿಲ್ಲ. ಒಬ್ಬೊಬ್ಬರೇ ಬಂದು ಕೊರಳಿಗೆ ಬಿದ್ದರು, ಅತ್ತರು, ಬಿಟ್ಟರು. ಅವಳು ಕೂತೇ ಇದ್ದಳು. ಹೊರಗೆ ಹೋಗುವಾಗ ಒಬ್ಬಳು, "ಕಲ್ಲಾಗ್ಯಾಳ" ಎಂದಳು. ಇನ್ನೊಬ್ಬಳು, "ಕಲ್ಲರ ಬಿಸಲಿಗೆ ಕಾಯತೈತಿ" ಎಂದಳು. ಅತ್ತೆ ಮುದುಕವ್ವ ಕೇಳಿಸಿಕೊಂಡು ಅವರ ಚಪ್ಪಲಿಯನ್ನು ಅಂಗಳದಾಚೆಗೆ ಕಾಲಿನಿಂದ ಸರಿಸಿದಳು.

ಮೋಟಾರ್ ಸೈಕಲ್ಲು ಈಗ ಮೈದುನ ಹನಮೇಶನ ಹತ್ತಿರವಿತ್ತು. ಅವನೇ ಒಂದು ದಿನ, "ಬರ್ರಿ ವೈನಿ, ನಾ ಬಿಡ್ತೀನಿ" ಎಂದು ಕೂರಿಸಿಕೊಂಡು ಹೋದ. ಸಂಜೆ ನಳದ ಹತ್ತಿರ ಯಾರೋ, "ಹಿಂದಿನ ಸೀಟು ಖಾಲಿ ಉಳಿಲಿಲ್ಲ ಬಿಡು" ಎಂದರು. ಅಂದವಳಿಗೆ ಮುದುಕವ್ವ ಏಳು ತಲೆಮಾರು ನೆನಪಿರುವಂಥ ಉತ್ತರ ಕೊಟ್ಟಳು. ಆದರೆ ಅಮೃತಾ ಮತ್ತೆ ಆ ಸೀಟಿನ ಮೇಲೆ ಕೂರಲಿಲ್ಲ. ಸಿಟ್ಟಿನಿಂದಲ್ಲ. ಸಿಟ್ಟೂ ಇರಲಿಲ್ಲ. ಕೂರುವುದು ಬೇಡ ಅನ್ನಿಸಿತು, ಅಷ್ಟೇ.

ಗಂಗಾವತಿಯಿಂದ ಬಂದ ಮರುದಿನ ಕೆಲಸ ಮುಗಿಸಿ ಅವಳು ಕೊಪ್ಪಳದ ಬಸ್ ನಿಲ್ದಾಣದ ಹಿಂದಿದ್ದ ಮೌಲಾಹುಸೇನನ ಸೈಕಲ್ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯೆಂದರೆ ನಾಲ್ಕು ತಗಡು. ಮೌಲಾಹುಸೇನನ ಒಂದು ಮೊಣಕಾಲು ಮಡಚುವುದಿಲ್ಲ. ಆ ಕಾಲು ಚಾಚಿಕೊಂಡೇ ಟ್ಯೂಬು ತಿಕ್ಕುತ್ತಾ ಕೂತಿದ್ದ. ಅವನನ್ನು ಅವಳು ಚಿಕ್ಕಂದಿನಲ್ಲಿ ತವರೂರು ತಾವರಗೇರಾದಲ್ಲಿ ನೋಡಿದ್ದಳು. ಆಗ ಅವನು ಸೈಕಲ್ ಸರ್ಕಸ್ಸಿನವನು. ಊರ ಬಯಲಿನಲ್ಲಿ ಕಂಬ ನೆಟ್ಟು, ಸುತ್ತ ಹಗ್ಗ ಕಟ್ಟಿ, ಹಾಡು ಹಚ್ಚಿ, ದಿನಗಟ್ಟಲೆ ಸೈಕಲ್ಲಿಂದ ಇಳಿಯದೆ ಸುತ್ತುತ್ತಿದ್ದ. ಅದರ ಮೇಲೆಯೇ ಊಟ, ಅದರ ಮೇಲೆಯೇ ಸ್ನಾನ.

"ಕಾಕಾ, ನೀವು ಸೈಕಲ್ ಮ್ಯಾಲ ಕುಂತು ಜಳಕ ಮಾಡಿದ್ದು ನಾ ನೋಡೀನ್ರಿ, ತಾವರಗೇರಾದಾಗ."

"ತಾವರಗೇರಾನ? ಅವತ್ತು ಸಬಕಾರ ಕಣ್ಣಾಗ ಹೋಗಿತ್ತು, ಮಗಳ. ನಾ ಉರಿ ತಡಕೊಳ್ಳಲಾರದ ಬಾಯಿ ಬಾಯಿ ಬಿಡಾಕತ್ತಿದ್ದೆ, ನೀವೆಲ್ಲಾ ಚಪ್ಪಾಳಿ ಹೊಡದ್ರಿ."

ಅಮೃತಾ ಅವನ ತಲೆಯ ಮೇಲೆ ನೋಡುತ್ತಿದ್ದಳು. ತಗಡಿನ ಕೆಳಗೆ ಕೊಕ್ಕೆಗೆ ಒಂದು ಸೈಕಲ್ ತೂಗುತ್ತಿತ್ತು. ಸಣ್ಣ ಕೊಳವೆ, ಸಣ್ಣ ಗಾಲಿ ಪಟ್ಟಿ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ. ಕೇಳದೆಯೇ ಸ್ಟೂಲು ಹತ್ತಿ ಕೊಕ್ಕೆಯಿಂದ ತೆಗೆದಳು. ಒಂದೇ ಕೈಯಲ್ಲಿ ಇಳಿಯಿತು.

"ಇದನ್ನ ಕೊಡ್ತೀರೇನ್ರಿ?"

"ಅದು ನನ್ನ ಸರ್ಕಸ್ ಸೈಕಲ್. ವಿಜಯಪುರದ ರೇಸಿನ ಹುಡುಗರ ಕಡಿಂದ ತಂದಿದ್ದೆ. ಫ್ರೀವೀಲ್ ಇಲ್ಲ ಅದಕ್ಕ." ಅವಳ ಮುಖ ನೋಡಿ ಅವನು ಬಿಡಿಸಿ ಹೇಳಿದ. "ಬ್ಯಾರೆ ಸೈಕಲ್ಲಾಗ ನೀ ಕಾಲು ನಿಲ್ಲಿಸಿದ್ರೂ ಗಾಲಿ ಓಡತೈತಿ, ಹೌದಿಲ್ಲ? ಇದರಾಗ ಗಾಲಿ ಓಡೋತನಕ ಪೆಡಲೂ ಓಡತೈತಿ. ಪೆಡಲ್ ಓಡೋತನಕ ನಿನ್ನ ಕಾಲು ಓಡಬೇಕು. ಇಳುಕಲಾಗಲಿ, ಬಯಲಾಗಲಿ, ಬಿಡುವಿಲ್ಲ. ನಿಂದರಬೇಕಂದ್ರ ಕಾಲು ಹಿಂದಕ್ಕ ಒತ್ತಬೇಕು. ಹೊಸಬರನ್ನ ಕೆಡವತೈತಿ."

"ಫ್ರೀವೀಲ್ ಹಾಕಿ ಕೊಡಾಕ ಬರಂಗಿಲ್ಲೇನು?"

"ಹಾಕಿದ್ರ ಹಿಂದ ಬ್ರೇಕ್ ಬೇಕು. ರೇಸಿನ ಫ್ರೇಮಿದು, ಬ್ರೇಕ್ ಕುಂದರ್ಸಾಕ ಹಿಂದ ತೂತಾ ಇಲ್ಲ. ಅದು ಇದು ಮಾಡಾಕ ಹೋದ್ರ ಹೊಸಾ ಸೈಕಲ್ಲಿನ ಖರ್ಚು ಬರತೈತಿ. ಹಿಂಗ ಒಯ್ದ್ರ ನಿನ್ನ ಕಾಲೇ ಹಿಂದಿನ ಬ್ರೇಕ್. ಮುಂದಿಂದು ನಾ ಹಾಕಿ ಕೊಡ್ತೀನಿ. ಆದ್ರ ಮೊದಲ ಹೊಡದು ನೋಡು."

ಅಂಗಡಿಯ ಹಿಂದಿನ ಬಯಲಿನಲ್ಲಿ ಅವಳು ಓಢಣಿ ಸೊಂಟಕ್ಕೆ ಬಿಗಿದು ಹತ್ತಿದಳು. ಸ್ವಲ್ಪ ದೂರ ಹೋಗಿ ಅಭ್ಯಾಸದಂತೆ ಕಾಲು ನಿಲ್ಲಿಸಿದಳು. ಪೆಡಲು ಪಾದವನ್ನು ಎತ್ತಿ ಒಗೆಯಿತು. ಮೊಣಕೈ ಊರಿ ಬಿದ್ದಳು. ಅಯ್ಯೋ ಅನ್ನಲಿಲ್ಲ. ಎದ್ದು ಮಣ್ಣು ಜಾಡಿಸಿಕೊಂಡಳು.

"ನೋವಾತೇನ?" ಎಂದ ಮೌಲಾಹುಸೇನ.

"ಗೊತ್ತಿಲ್ರಿ."

ಬಿದ್ದವರನ್ನು ಅವನು ಬೇಕಾದಷ್ಟು ನೋಡಿದ್ದ, ತಾನೂ ಬಿದ್ದಿದ್ದ. ಬಿದ್ದವರು ಹೌದು ಅಂತಾರೆ, ಹೆಮ್ಮೆಯವರು ಇಲ್ಲ ಅಂತಾರೆ. ಈ ಉತ್ತರ ಅವನು ಕೇಳಿರಲಿಲ್ಲ. ಮತ್ತೊಮ್ಮೆ ಹತ್ತಲು ಕೈ ತೋರಿಸಿದ.

ಎರಡನೆಯ ಸಲ ಅವಳು ಕಾಲು ನಿಲ್ಲಿಸಲಿಲ್ಲ. ಬಯಲು ಸುತ್ತಿದಳು, ಮತ್ತೆ ಸುತ್ತಿದಳು. ಯಂಕೋಬ ಹೋದಂದಿನಿಂದ ಅವಳು ಎಲ್ಲವನ್ನೂ ಮೈಗೆ ಹೇಳಿ ಹೇಳಿ ಮಾಡಿಸಬೇಕಾಗಿತ್ತು. ಏಳು, ಮುಖ ತೊಳಿ, ನುಂಗು. ಇಲ್ಲಿ ಕಾಲಿಗೆ ಏನೂ ಹೇಳಬೇಕಾಗಿರಲಿಲ್ಲ. ಗಾಲಿ ಕಾಲನ್ನು ಕರೆದುಕೊಂಡು ಹೋಗುತ್ತಿತ್ತು.

"ಇದಾ ಇರಲ್ರಿ," ಎಂದಳು ಇಳಿದು.

ಅವಳ ಕೈಯಲ್ಲಿ ಒಂದಿಷ್ಟು ಉಳಿಯುವಂತೆ ಅವನು ಬೆಲೆ ಹೇಳಿದ. ಹೊಸ ಟೈರು, ಮುಂದಿನ ಬ್ರೇಕು ಅದರಲ್ಲೇ ಹಾಕಿದ. "ಇದಕ್ಕ ಏನಾದ್ರೂ ಆದ್ರ ನನ್ನ ಕಡೆನ ತಗೊಂಡು ಬಾ. ಬ್ಯಾರೆಯವ್ರಿಗೆ ಇದರ ಸ್ವಭಾವ ಗೊತ್ತಿಲ್ಲ."

ಮನೆಯಲ್ಲಿ ಮುದುಕವ್ವ ಸೈಕಲ್ಲನ್ನು ಸುತ್ತು ಹಾಕಿ ನೋಡಿದಳು.

"ಯವ್ವಾ, ಇದೇನು ಬತ್ತಲಿ ಸೈಕಲ್ ತಂದೀ? ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ, ಮೈಮ್ಯಾಲ ಒಂದು ಅರಿವಿ ಇಲ್ಲ. ಬರೇ ಎಲುಬು."

"ಎಲುಬು ಹಗುರ ಇರತೈತಿ ಅತ್ತಿ."

"ಹೂಂ. ನಿನ್ನಂಗ." ಎಂದು ಮುದುಕಿ ಹುಲಿಗೆಮ್ಮನ ಭಂಡಾರದ ಅರಿಸಿನ ತಂದು ಹ್ಯಾಂಡಲ್ಲಿಗೆ ಹಚ್ಚಿ, ಒಂದು ನಿಂಬೆಹಣ್ಣು ಕಟ್ಟಿದಳು. "ಇದರದಾ ಭಾರ ಆದ್ರ ಬಿಚ್ಚಿ ಒಗಿ."

ಹನಮೇಶ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಏನನ್ನು ನೋಡಿದರೂ ಕೈ ಸುಮ್ಮನಿರುವುದಿಲ್ಲ. ಹಿಂದಿನ ಗಾಲಿ ಎತ್ತಿ ತಿರುಗಿಸಿದ. ಜೊತೆಗೆ ಪೆಡಲೂ ತಿರುಗಿತು. ಹಿಂದಕ್ಕೆ ತಿರುಗಿಸಿದ. ಪೆಡಲೂ ಹಿಂದಕ್ಕೆ ಬಂತು.

"ವೈನಿ, ಫ್ರೀವೀಲ್ ಜಾಮ್ ಆಗೈತ್ರಿ."

"ಜಾಮ್ ಅಲ್ಲ. ಅದು ಇರೋದಾ ಹಂಗ."

ಹನಮೇಶನಿಗೆ ಅರ್ಥವಾದದ್ದು ಇಷ್ಟು: ಅಂಗಡಿಯ ಮುದುಕ ಕೆಟ್ಟ ಸೈಕಲ್ಲನ್ನು ಸಾಗಹಾಕಿದ್ದಾನೆ, ವೈನಿಗೆ ಮೋಸವಾಗಿದೆ, ಹೇಳಿಕೊಳ್ಳಲು ನಾಚಿಕೆ ಪಡುತ್ತಿದ್ದಾಳೆ. ನಮ್ಮ ಸೀಮೆಯಲ್ಲಿ ಪೆಡಲು ಗಾಲಿಯ ಜೊತೆ ತಿರುಗಿದರೆ ಅದು ಜಾಮೇ. ಎರಡು ಹನಿ ಚಿಮಣಿ ಎಣ್ಣೆ ಬಿಡು ಎಂದು ದನ ಕಾಯುವವನೂ ಹೇಳುತ್ತಾನೆ.

ಸೈಕಲ್ ಕೆಲಸಕ್ಕೆ ಬಂತು. ದಿನಾ ಬೆಳಿಗ್ಗೆ ಊರಿಂದ ಹೊರಟರೆ ರಸ್ತೆ ಕೊಪ್ಪಳದವರೆಗೂ ಹೆಚ್ಚು ಕಡಿಮೆ ಸಪಾಟು. ಗೇಟಿನ ಮುಂಚೆ ಮಾತ್ರ ಒಂದು ಇಳಿಜಾರು. ಅಲ್ಲಿ ಅವಳು ಕಾಲನ್ನು ಹಿಂದಕ್ಕೆ ಒತ್ತುತ್ತಾ, ಬ್ರೇಕನ್ನು ಬೆರಳಲ್ಲಿ ಮುಟ್ಟುತ್ತಾ ಇಳಿಯುತ್ತಿದ್ದಳು. ಗೇಟು ಬಿದ್ದಿದ್ದರೆ ಸೈಕಲ್ಲನ್ನು ಹೆಗಲಿಗೇರಿಸಿ ಮೇಲ್ಸೇತುವೆ ಹತ್ತುತ್ತಿದ್ದಳು. ಜನ ಮೊದಲು ನೋಡಿದರು, ಆಮೇಲೆ ದಾರಿ ಬಿಟ್ಟರು. ಗೋದಾಮಿನಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಸಂಜೆ ಮತ್ತೆ ತುಳಿಯುತ್ತಿದ್ದಳು. ಸುಖವೂ ಇರಲಿಲ್ಲ, ದುಃಖವೂ ಇರಲಿಲ್ಲ. ತಡ ಮಾತ್ರ ಆಗುತ್ತಿರಲಿಲ್ಲ.

ಒಂದು ಹುಣ್ಣಿಮೆಗೆ ಮುದುಕವ್ವ ಅವಳನ್ನು ಕರೆದುಕೊಂಡು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋದಳು. ಹನಮೇಶನಿಗೆ ಬೇಕಾದದ್ದು ಅದೇ. ಹಿಂದಿನ ದಿನ ಯಲಬುರ್ಗಾಕ್ಕೆ ಮೋಟಾರು ಕೆಲಸಕ್ಕೆ ಹೋದವನು ಅಲ್ಲಿಂದ ಒಂದು ಹೊಸ ಫ್ರೀವೀಲ್ ತಂದಿಟ್ಟಿದ್ದ. ಚಿಮಣಿ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಟ್ಟಿ, ಹಳೆಯ ಹಲ್ಲುಗಾಲಿಯನ್ನು ಬಿಚ್ಚಿ ನಟ್ಟುಗಳ ಡಬ್ಬಿಗೆ ಹಾಕಿದ. ಹೊಸದನ್ನು ಕೂರಿಸಿ ಗ್ರೀಸು ಹಚ್ಚಿ, ಚೈನು ಒರೆಸಿ, ಸೈಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟ. ಹೇಳಲಿಲ್ಲ. ವೈನಿಗೆ ತಾನಾಗಿ ಗೊತ್ತಾಗಲಿ, ಒಮ್ಮೆ ನಗಲಿ ಎಂದು ಅವನ ಆಸೆ.

ಮರುದಿನ ಬೆಳಿಗ್ಗೆ ಅಮೃತಾ ಹೊರಟಳು. ಕಾಲು ನಿಲ್ಲಿಸುವ ಅಭ್ಯಾಸವೇ ಹೋಗಿದ್ದರಿಂದ ದಾರಿಯುದ್ದಕ್ಕೂ ಏನೂ ತಿಳಿಯಲಿಲ್ಲ. ಇಳಿಜಾರು ಬಂತು. ಕೆಳಗೆ ಗೇಟು ಬಿದ್ದಿತ್ತು. ಗೇಟಿನ ಈಚೆ ಕುರಿಗಳ ಹಿಂಡೊಂದು ರಸ್ತೆ ತುಂಬಾ ನಿಂತಿತ್ತು. ಎಂದಿನಂತೆ ಕಾಲನ್ನು ಹಿಂದಕ್ಕೆ ಒತ್ತಿದಳು.

ಕಾಲಡಿಯಲ್ಲಿ ಏನೂ ಇರಲಿಲ್ಲ.

ಪೆಡಲು ಟಿಕ್ ಟಿಕ್ ಟಿಕ್ ಎನ್ನುತ್ತಾ ಹಿಂದಕ್ಕೆ ಸುಮ್ಮನೆ ತಿರುಗಿತು. ಒತ್ತಿದಷ್ಟೂ ತಿರುಗಿತು. ಸೈಕಲ್ಲು ತನ್ನ ಪಾಡಿಗೆ ತಾನು ಓಡುತ್ತಿತ್ತು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತಾಯಿತು. ಮುಂದಿನ ಬ್ರೇಕನ್ನು ಪೂರ್ತಿ ಅಮುಕಿದರೆ ಹ್ಯಾಂಡಲ್ಲಿನ ಮೇಲಿಂದ ಹಾರುತ್ತೇನೆ ಎಂಬಷ್ಟು ಬುದ್ಧಿ ಉಳಿದಿತ್ತು. ಸ್ವಲ್ಪ ಸ್ವಲ್ಪವೇ ಅಮುಕಿದಳು. ಸಾಲದಾಯಿತು.

"ಸರೀರಿ! ಸರೀರಿ!" ಎಂದು ಕೂಗಿದ್ದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಗಲಿಲ್ಲ.

ಕುರಿಗಳು ಸರಿಯುವ ಜಾತಿಯೇ? ನಟ್ಟನಡುವೆ ಹೋಗಿ ಉಣ್ಣೆಯಲ್ಲಿ ಬಿದ್ದಳು. ಮೆತ್ತಗೆ, ಬೆಚ್ಚಗೆ, ನಾತ. ಹಿಂಡು ಬ್ಯಾ ಎಂದು ಸೀಳಿತು. ಒಂದು ಟಗರು ಅವಳ ಬೆನ್ನ ಮೇಲೆ ಕಾಲಿಟ್ಟು ದಾಟಿತು.

ಕುರಿ ಕಾಯುವ ಕಳಕಪ್ಪ ಕೋಲು ಎತ್ತಿಕೊಂಡು ಓಡಿ ಬಂದ. "ಏ ನಿನ್ನ! ಕಣ್ಣೇನು ಸಂತ್ಯಾಗ ಮಾರಿ ಬಂದಿಯೇನು? ಬ್ರೇಕ್ ಇಲ್ಲದ ಸೈಕಲ್ ಯಾರು ಹೊಡಿ ಅಂದ್ರು ನಿನಗ?" ಎಂದವನು ಮೊದಲು ಕುರಿಗಳ ಕಾಲು ಮುಟ್ಟಿ ಮುಟ್ಟಿ ನೋಡಿದ, ಆಮೇಲೆ ಅವಳ ಕಡೆ ತಿರುಗಿದ. "ಮೊಣಕೈಯಾಗ ರಗತ ಬರಾಕತ್ತೈತಿ ನೋಡವ್ವ. ನೋವಾತಿಲ್ಲೋ?"

"ಭಾಳ," ಎಂದಳು ಅಮೃತಾ. ಹೇಳಿದ ಮೇಲೆ ತಾನೇ ಬೆಚ್ಚಿದಳು.

ನಿಲ್ಲಲು ಹೊತ್ತಿರಲಿಲ್ಲ. ಗೂಡ್ಸ್ ಗಾಡಿ ಗಡಗಡ ಬರುತ್ತಿತ್ತು. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಮೇಲ್ಸೇತುವೆಯ ಮೆಟ್ಟಿಲು ಓಡಿ ಹತ್ತಿದಳು. ಭಾರದ ಸೈಕಲ್ ಆಗಿದ್ದರೆ ಅಲ್ಲೇ ಅವಳ ಕೆಲಸ ಹೋಗಿತ್ತು. ಕಾವಲುಗಾರ ಗೋದಾಮಿನ ಗೇಟಿಗೆ ಕೈ ಹಾಕಿದ್ದ. ಸಂದಿಯಲ್ಲಿ ಮುಂದಿನ ಗಾಲಿ ತೂರಿಸಿದಳು.

ಸುನಿತಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏನವ್ವ ಇದು ಅವತಾರ? ತಲ್ಯಾಗ ಕುರಿ ಹಿಕ್ಕಿ ಅದಾವಲ್ಲ!"

"ಟೈಮಿಗೆ ಬಂದೀನಿಲ್ರಿ?"

"ಬಂದೀ ಬಿಡು. ಮೊದಲ ಹೋಗಿ ಕೈ ತೊಳಕೋ, ಬೀಜದಾಗ ಹಿಕ್ಕಿ ಬೆರಕಿ ಆದಾವು."

ಆ ದಿನ ಜೊಳ್ಳು ಬೀಜದ ಜೊತೆ ಗಟ್ಟಿ ಬೀಜವೂ ಹೋಯಿತು. ಸಂಜೆ ಸೈಕಲ್ಲನ್ನು ನೂಕಿಕೊಂಡು ಮೌಲಾಹುಸೇನನ ಹತ್ತಿರ ಹೋದಳು. ಅವನು ಹಿಂದಿನ ಗಾಲಿಯನ್ನು ಒಮ್ಮೆ ತಿರುವಿದ, ಗ್ರೀಸು ಮುಟ್ಟಿದ ಬೆರಳನ್ನು ನೋಡಿದ.

"ಯಾರು ಮಾಡಿದ್ದು?"

"ಮೈದುನ ಇರಬೇಕ್ರಿ. ಕೈ ತುರಸ್ತಾವ ಅವಗ."

"ಛಲೋ ಮನಸ್ಯಾ ಇದ್ದಾನು. ಕೆಡಸವ್ರು ಇಷ್ಟು ಚಂದ ಗ್ರೀಸ್ ಹಚ್ಚಂಗಿಲ್ಲ. ಹಳೇ ಹಲ್ಲುಗಾಲಿ ಒಗದಿರಬಾರದಷ್ಟಾ ನೋಡು. ಅದನ್ನ ತಂದ್ರ ಇವತ್ತಾ ಹಾಕಿ ಕೊಡ್ತೀನಿ. ಊರಿಗೆ ಹೋಗೋ ಕಡೆ ಏರು, ಭಯ ಇಲ್ಲ. ಸಾವಕಾಶ ಹೋಗು."

ಮನೆ ಮುಟ್ಟುವಾಗ ಹನಮೇಶ ಅಂಗಳದಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದ. ಅವಳನ್ನು ನೋಡಿ ಮುಖ ಅರಳಿಸಿದ. "ಹೆಂಗೈತ್ರಿ ವೈನಿ ಸೈಕಲ್ಲು? ಈಗ ಹಗುರ ಹೊಂಟಿರಬೇಕಲ್ಲ!"

ಅಮೃತಾ ಸೈಕಲ್ಲನ್ನು ಗೋಡೆಗೆ ಒಗೆದಂತೆ ಇಟ್ಟಳು.

"ಯಾರು ಮುಟ್ಟು ಅಂದ್ರೋ ನಿನಗ? ಹೇಳಿದ್ದಿಲ್ಲ ನಾನು, ಇರೋದಾ ಹಂಗ ಅಂತ? ಕಿವಿ ಇಲ್ಲ? ನನ್ನ ಸೈಕಲ್ ಅದು! ಒಂದು ಮಾತು ಕೇಳಾಕ ಬರತಿದ್ದಿಲ್ಲ? ಸತ್ತಿದ್ದೆ ಇವತ್ತು ನಾನು! ಕುರಿ ಇದ್ದೂವು ಅಂತ ಉಳದೀನಿ. ಎಲ್ಲಾರೂ ಛಲೋ ಮಾಡ್ತೀನಿ ಅಂತಾ ಬರೋದು, ಕೇಳದನ ಕೈ ಹಾಕೋದು! ಕೇಳದನ ಎದ್ದು ಹೋಗೋದು!"

ಅವಳ ದನಿ ಓಣಿಯ ಕೊನೆಗೆ ಮುಟ್ಟಿತು. ಎದುರು ಮನೆಯ ಬಾಗಿಲು ತೆರೆಯಿತು. ಹನಮೇಶ ಗ್ರೀಸಿನ ಕೈ ಎತ್ತಿಕೊಂಡು ನಿಂತೇ ಬಿಟ್ಟಿದ್ದ. ಅಷ್ಟು ವರ್ಷದಲ್ಲಿ ವೈನಿ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದೇ ಇಲ್ಲ.

"ಅವ್ವಾ, ನೀನರ ಹೇಳು..." ಎಂದ ತಾಯಿಯ ಕಡೆ ತಿರುಗಿ.

ಮುದುಕವ್ವ ಒಳಗಿಂದ ಮಣೆ ತಂದು ಹೊಸ್ತಿಲ ಹೊರಗೆ ಹಾಕಿಕೊಂಡು ಕೂತಳು. "ಸುಮ್ಮನ ನಿಂದರು. ಬೈಸ್ಕೋ," ಎಂದಳು. "ಎಷ್ಟು ದಿನ ಆತು ಆಕಿ ದನಿ ಕೇಳಿ. ಬೈಲಿ." ಎದುರು ಮನೆಯವಳಿಗೂ ಕೇಳುವಂತೆ ಹೇಳಿದಳು: "ಕಲ್ಲು ಅಂದವ್ರು ಬಂದು ನೋಡ್ಕೊಂಡು ಹೋಗ್ರಿ."

ಬೈಗುಳ ಮುಗಿದ ಮೇಲೆ ಅಮೃತಾ ಗೋಡೆಗೆ ಒರಗಿ ಕೂತಳು. ಏದುಸಿರು ಬಿಡುತ್ತಿದ್ದಳು. ಹನಮೇಶ ಡಬ್ಬಿ ತಂದು ನಟ್ಟುಗಳನ್ನು ಸುರುವಿ ಹಳೆಯ ಹಲ್ಲುಗಾಲಿ ಹುಡುಕಿದ.

"ಜಾಮ್ ಆಗೈತಿ ಅಂತ ತಿಳಕೊಂಡಿದ್ನಿರಿ. ಅಣ್ಣ ಇದ್ದಿದ್ರ..." ಎಂದು ನಿಲ್ಲಿಸಿದ.

"ನಿಮ್ಮಣ್ಣ ಇದ್ದಿದ್ರ ಆತನೂ ಇದನ್ನಾ ಮಾಡ್ತಿದ್ದ," ಎಂದಳು ಅಮೃತಾ. "ನಿನಗಿಂತ ಮದಲಾ ಚಿಮಣಿ ಎಣ್ಣಿ ಹಾಕಿರತಿದ್ದ."

ಮುದುಕವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮೃತಾ ನಗಲೂ ಇಲ್ಲ, ಅಳಲೂ ಇಲ್ಲ. ಮೊಣಕೈ ಉರಿಯುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಹನಮೇಶ ಹಲ್ಲುಗಾಲಿಯನ್ನು ಕಿಸೆಗೆ ಹಾಕಿಕೊಂಡು ಆ ಸೈಕಲ್ಲನ್ನೇ ತುಳಿದುಕೊಂಡು ಕೊಪ್ಪಳಕ್ಕೆ ಹೋದ. ದೀಪ ಹಚ್ಚಿದ ಮೇಲೆ ಬಂದ. ಪ್ಯಾಂಟಿನ ಮೊಣಕಾಲು ಹರಿದಿತ್ತು.

"ಕೆಡವತೈತ್ರಿ ಇದು," ಎಂದ.

"ಗೊತ್ತು," ಎಂದಳು.

"ಆ ಮುದುಕ ಮದಲಾ ಹೇಳಿದ್ನಿರಿ. ನಾ ಕೇಳಲಿಲ್ಲ."

"ಅದೂ ಗೊತ್ತು. ಉಣ್ಣಾಕ ಬಾ."

ಮರುದಿನ ಬೆಳಿಗ್ಗೆ ಹೊರಡುವ ಮೊದಲು ಅವಳು ಹಿಂದಿನ ಗಾಲಿ ಎತ್ತಿ ತಿರುಗಿಸಿ ನೋಡಿದಳು. ಪೆಡಲು ಜೊತೆಗೇ ತಿರುಗಿತು. ರಸ್ತೆಯಲ್ಲಿ ಕಾಲು ತಂತಾನೇ ಹೋಗುತ್ತಿತ್ತು, ಹಿಂದಿನಂತೆಯೇ. ಆದರೆ ಪ್ರತಿ ಸುತ್ತಿಗೂ ಮೈಯೊಳಗೆ ಒಂದೊಂದು ಕಡೆ ನೋಯುತ್ತಿತ್ತು.

ಇಳಿಜಾರಿನ ಕೆಳಗೆ ಕಳಕಪ್ಪನ ಕುರಿಗಳು ರಸ್ತೆ ದಾಟುತ್ತಿದ್ದವು. ದೂರದಿಂದಲೇ ಅವಳನ್ನು ಕಂಡು ಅವನು ಕೋಲು ಅಡ್ಡ ಹಿಡಿದು ಕೂಗಿದ.

"ಏ ಅಕ್ಕಾ! ಇವತ್ತರ ನಿಂದರತೈತೋ, ಇಲ್ಲಾ ಮತ್ತ ನಮ್ಮ ಮ್ಯಾಲ ಮಕ್ಕೊಂತಿಯೋ?"

ಅಮೃತಾ ಕಾಲು ಹಿಂದಕ್ಕೆ ಒತ್ತಿದಳು. ಪೆಡಲು ಎದುರು ಒತ್ತಿತು. ಎರಡೂ ಜಗ್ಗಾಡುತ್ತಾ ಜಗ್ಗಾಡುತ್ತಾ ಸೈಕಲ್ಲು ಕುರಿಗಳಿಗೆ ಒಂದು ಮಾರು ದೂರದಲ್ಲಿ ನಿಂತಿತು. ಅವಳು ಒಂದು ಕಾಲು ನೆಲಕ್ಕೆ ಊರಿದಳು.

"ದಾಟಲಿ ಬಿಡಣ್ಣ," ಎಂದಳು. "ಇನ್ನೂ ಹೊತ್ತೈತಿ."

ಕುರಿಗಳಿಗೆ ಅವಸರವೇನಿರಲಿಲ್ಲ. ನಿನ್ನೆಯ ಟಗರು ಅವಳ ಹತ್ತಿರ ಬಂದು ನಿಂತು, ಹ್ಯಾಂಡಲ್ಲಿಗೆ ಕಟ್ಟಿದ್ದ ಒಣಗಿದ ನಿಂಬೆಹಣ್ಣನ್ನು ಮೂಸಿ ನೋಡಿತು. ಅವಳು ಕೈ ನೀಡಿ ಅದರ ತಲೆ ಮುಟ್ಟಿದಳು.